ವಜ್ರದೊಳಗಿನ ಕಾಗೆ ಹೆಜ್ಜೆ

ಮಗಳ ಮದುವೆಗೆ ವಜ್ರದ ಓಲೆ ಕೊಳ್ಳಲು ಹಾನಗಲ್ಲಿನಿಂದಲೋ ಹಿರೇಕೆರೂರಿನಿಂದಲೋ ಹುಬ್ಬಳ್ಳಿಗೆ ಹೋಗುವ ಕುಟುಂಬ ಚಿನ್ನದ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತದೆ. ವಜ್ರದ ಬಗ್ಗೆ ಕೇಳುವುದು ಎರಡೇ: ಬೆಲೆ ಎಷ್ಟು, ದೋಷವಿಲ್ಲ ತಾನೆ? ದೋಷ ಎಂಬ ಈ ಮಾತಿಗೆ ಎರಡು ಅರ್ಥಗಳುಂಟು. ಹರಳು ಮನೆಗೆ ‘ಆಗಿಬರುವುದಿಲ್ಲ’ ಎಂಬ ಭಯ ಒಂದು. ಹರಳಿನ ಒಡಲಲ್ಲಿ ಇರುವ ಚುಕ್ಕೆ, ಗೆರೆ, ಬಿರುಕು ಇನ್ನೊಂದು. ವ್ಯಾಪಾರಿಗಳು ‘ಕ್ಲಾರಿಟಿ’ ಎನ್ನುವುದು ಈ ಎರಡನೆಯದಕ್ಕೆ ಸಂಬಂಧಿಸಿದ್ದು.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಹಾನಗಲ್ಲಿನ ಕದಂಬರು ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ 12ನೆಯ ಶತಮಾನದಲ್ಲಿ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ರಚಿಸಿದ. ರಾಜನ ಬೊಕ್ಕಸದ ವಿಚಾರ ಬಂದಾಗ ಅದರಲ್ಲಿ ರತ್ನಗಳ ಪರೀಕ್ಷೆಯ ವಿವರವೂ ಬರುತ್ತದೆ. ಹಿರೇಕೆರೂರಿಗೆ ಹೊಂದಿಕೊಂಡ ಶಿಕಾರಿಪುರದ 11ನೆಯ ಶತಮಾನದ ಶಾಸನವೊಂದು ಅಯ್ಯಾವೊಳೆಯ ವರ್ತಕರು ಮಾರುತ್ತಿದ್ದ ಸರಕುಗಳಲ್ಲಿ ವಜ್ರವನ್ನೂ ಹೆಸರಿಸುತ್ತದೆ.

ಹಳೆಯ ರತ್ನಶಾಸ್ತ್ರಗಳು ವಜ್ರದ ದೋಷಗಳನ್ನು ಮಲ, ಬಿಂದು, ರೇಖೆ, ಯವ, ಕಾಕಪದ ಎಂದು ವಿಂಗಡಿಸಿದವು. ಮಲವೆಂದರೆ ಕಲ್ಮಷ, ಬಿಂದುವೆಂದರೆ ಚುಕ್ಕೆ, ಯವವೆಂದರೆ ಜವೆಗೋಧಿ ಕಾಳಿನಾಕಾರದ ಕಲೆ. ಕಾಗೆಯ ಪಾದದಂತೆ ಕವಲೊಡೆದ ಗುರುತು ಕಾಕಪದ. ಅದು ಧರಿಸಿದವರಿಗೆ ಕೇಡು ತರುತ್ತದೆ ಎಂದು ಹೇಳಿದವರೂ ಈ ಶಾಸ್ತ್ರಕಾರರೇ. ಭಯದ ಮಾತನ್ನು ಬದಿಗಿಟ್ಟು ನೋಡಿದರೆ, ಅವರು ಕಂಡದ್ದು ಇಂದಿನ ರತ್ನತಜ್ಞರು ಕಾಣುವುದನ್ನೇ.

17ನೆಯ ಶತಮಾನದ ನಡುವೆ ಫ್ರಾನ್ಸಿನ ವ್ಯಾಪಾರಿ ತಾವೆರ್ನಿಯೆ ರಾವಲಕೊಂಡದ ವಜ್ರದ ಗಣಿಗೆ ಬಂದಿದ್ದ. ಅದು ಈಗಿನ ಕರ್ನೂಲು ಬಳಿಯ ರಾಮಳ್ಳಕೋಟ. ಆಗ ಅದು ಬಿಜಾಪುರ ಸುಲ್ತಾನರ ಆಳ್ವಿಕೆಗೆ ಸೇರಿತ್ತು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವೂ ಅವರದೇ ಆಗಿತ್ತು. ಮುಂದೆ ಸವಣೂರು, ಕರ್ನೂಲು, ಕಡಪ ಈ ಮೂರೂ ಕಡೆ ಪಠಾಣ ನವಾಬರು ಆಳಿದರು. ಇಲ್ಲಿನ ಜನ ಹರಳನ್ನು ರಾತ್ರಿ ಹೊತ್ತು ಗೋಡೆಯ ಗೂಡಿನಲ್ಲಿ ದೀಪವಿಟ್ಟು, ಬೆರಳ ನಡುವೆ ಹಿಡಿದು ಪರೀಕ್ಷಿಸುತ್ತಾರೆ ಎಂದು ತಾವೆರ್ನಿಯೆ ಬರೆದಿದ್ದಾನೆ. ಶುದ್ಧವಾದ ಕಲ್ಲನ್ನು ಕೇವಲ ಸಾಣೆಗೆ ತಾಗಿಸುತ್ತಿದ್ದರಂತೆ. ಕಲೆಯಿದ್ದ ಕಲ್ಲಿಗೆ ಮಾತ್ರ ಮೈತುಂಬ ಮುಖಗಳನ್ನು ಕೊಯ್ದು ಕಲೆ ಕಾಣದಂತೆ ಮಾಡುತ್ತಿದ್ದರಂತೆ. ಕಲೆಯನ್ನು ಅಡಗಿಸುವ ಜಾಣತನವೂ ಹಳೆಯದೇ.

ಅಮೆರಿಕದ ರತ್ನವಿಜ್ಞಾನ ಸಂಸ್ಥೆ ಜಿಐಎ 1950ರ ದಶಕದಲ್ಲಿ ಇಂದಿನ ಅಳತೆಗೋಲನ್ನು ರೂಪಿಸಿತು. ಹರಳನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಡಿ ನೋಡಿ ಹನ್ನೊಂದು ದರ್ಜೆಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಒಳಗೂ ಹೊರಗೂ ಕಳಂಕವಿಲ್ಲದ್ದು ಎಫ್‌ಎಲ್. ಒಳಗೆ ಮಾತ್ರ ನಿರ್ಮಲವಾದದ್ದು ಐಎಫ್. ನುರಿತ ಕಣ್ಣಿಗೂ ಕಷ್ಟದಿಂದ ಸಿಗುವಷ್ಟು ಸೂಕ್ಷ್ಮ ಕಲೆಯಿದ್ದರೆ ವಿವಿಎಸ್, ಅದಕ್ಕಿಂತ ತುಸು ಹೆಚ್ಚಿದ್ದರೆ ವಿಎಸ್. ಮಸೂರದಡಿ ಸುಲಭವಾಗಿ ಕಾಣುವುದು ಎಸ್‌ಐ, ಬರಿಗಣ್ಣಿಗೇ ಕಾಣಬಲ್ಲದು ಐ. ವಿವಿಎಸ್, ವಿಎಸ್, ಎಸ್‌ಐಗಳಲ್ಲಿ ಎರಡೆರಡು, ಐಯಲ್ಲಿ ಮೂರು ಒಳದರ್ಜೆಗಳಿವೆ.

ವಿವಿಎಸ್ಸಿಗೂ ವಿಎಸ್ಸಿಗೂ ಇರುವ ಅಂತರ ಕಿವಿಯಲ್ಲಿ ಹಾಕಿಕೊಂಡ ಮೇಲೆ ಯಾರಿಗೂ ಕಾಣದು. ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ. ಹರಳಿನ ಹೊಳಪನ್ನು ಮುಖ್ಯವಾಗಿ ನಿರ್ಧರಿಸುವುದು ಅದನ್ನು ಕೊಯ್ದ ರೀತಿ. ಬರಿಗಣ್ಣಿಗೆ ಸ್ವಚ್ಛವಾಗಿದ್ದು ಒಳ್ಳೆಯ ಕೊಯ್ತವಿರುವ ಹರಳು ಸಾಮಾನ್ಯ ಬಳಕೆಗೆ ಸಾಕು.

ಆದರೆ ಒಂದು ದೋಷದ ವಿಷಯದಲ್ಲಿ ಎಚ್ಚರ ಬೇಕು. ವಜ್ರ ಅತಿ ಗಟ್ಟಿ ಎಂಬುದು ಗೀರಿನ ಮಟ್ಟಿಗೆ ಮಾತ್ರ ನಿಜ. ಕೆಲವು ನೇರಗಳಲ್ಲಿ ಪೆಟ್ಟು ಬಿದ್ದರೆ ಅದು ಸೀಳುತ್ತದೆ. ಬಿರುಕು ಅಂಚಿನವರೆಗೂ ಬಂದಿದ್ದರೆ ಅಪಾಯ ಹೆಚ್ಚು. ಇಂಥ ಬಿರುಕಿಗೆ ಗಾಜಿನಂಥ ವಸ್ತುವನ್ನು ತುಂಬಿ ಮರೆಮಾಡಿದ ಹರಳುಗಳೂ ಮಾರಾಟಕ್ಕೆ ಬರುತ್ತವೆ. ಮುಂದೊಂದು ದಿನ ಪತ್ತಾರರು ಓಲೆಯ ರಿಪೇರಿಗೆಂದು ಬೆಂಕಿ ಹಿಡಿದಾಗ ಆ ತುಂಬಿಕೆ ಕೆಡುತ್ತದೆ. ಅಡಗಿದ್ದ ಬಿರುಕು ಹೊರಬೀಳುತ್ತದೆ. ಆಗ ದೂರು ಪತ್ತಾರರ ಮೇಲೆ!

ಆದ್ದರಿಂದ ಸಾಧ್ಯವಾದರೆ ಹರಳನ್ನು ಕಟ್ಟಿಸುವ ಮೊದಲೇ ಬಿಡಿಯಾಗಿ ನೋಡಬೇಕು. ಹಿಂಬದಿ ಮುಚ್ಚಿದ ಕಟ್ಟಿನಲ್ಲಿ ಕಲೆ ಸುಲಭವಾಗಿ ಅಡಗುತ್ತದೆ. ಅಂಗಡಿಯ ಝಗಝಗ ದೀಪದಡಿ ನೋಡಿದ್ದನ್ನು ಹಗಲ ಬೆಳಕಿನಲ್ಲೂ ನೋಡಬೇಕು. ಆಭರಣದ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಯ ಗುರುತೇ ಹೊರತು ವಜ್ರದ್ದಲ್ಲ. ವಜ್ರಕ್ಕೆ ಪ್ರಯೋಗಾಲಯದ ಪ್ರಮಾಣಪತ್ರ ಬೇರೆಯೇ ಬೇಕು. ಹರಳು ಗಣಿಯದೋ ಪ್ರಯೋಗಾಲಯದಲ್ಲಿ ಬೆಳೆಸಿದ್ದೋ, ಬಿರುಕು ತುಂಬಿದ್ದೋ ಎಂಬುದನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ಏಳು ಹರಳಿನ ಓಲೆಯ ಸಣ್ಣ ಕಲ್ಲುಗಳಿಗೆ ಒಂದೊಂದಕ್ಕೂ ಪ್ರಮಾಣಪತ್ರ ಸಿಗುವುದು ಅಪರೂಪ. ಅಲ್ಲಿ ಕೈಮಸೂರವನ್ನು ಕೇಳಿ ಪಡೆದು ಒಂದೊಂದನ್ನೂ ನೋಡುವುದೇ ಉಪಾಯ. ಕೇಳಲು ಸಂಕೋಚಪಡಬೇಕಾದ್ದಿಲ್ಲ, ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳಬೇಕಾದ್ದೂ ಇಲ್ಲ.