ಬೇಡ ಎಂದವನ ಚಿತ್ರ

ಬಡಗಿಗಳ ಲೆಕ್ಕದಲ್ಲಿ ಅಗಲ ಒಂದೂವರೆ ಇಂಚಿಗೆ ಅರ್ಧ ನೂಲು ಕಮ್ಮಿ, ಉದ್ದ ಎರಡೂವರೆ ಇಂಚಿಗೆ ಒಂದು ನೂಲು ಹೆಚ್ಚು. ಅಷ್ಟೇ ಅಳತೆಯ ರಟ್ಟಿನ ಚೂರು. ಕಿತ್ತಳೆ ಬಣ್ಣದ ಹಿನ್ನೆಲೆ. ಅದರ ಮುಂದೆ ಬೂದು ಅಂಗಿ ತೊಟ್ಟು, ನಡುಬೈತಲೆ ತೆಗೆದ ಒಬ್ಬ ಗಂಡಸಿನ ಎದೆಮಟ್ಟದ ಚಿತ್ರ. ಕೆಳಗೆ ‘ವ್ಯಾಗ್ನರ್, ಪಿಟ್ಸ್‌ಬರ್ಗ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಊರ ಹೆಸರಿನ ಕೊನೆಗೆ ಇಂದು ಬರೆಯುವ ‘ಎಚ್’ ಅಕ್ಷರ ಅದರಲ್ಲಿಲ್ಲ. ಅಮೆರಿಕದ ಸರ್ಕಾರಿ ಮಂಡಳಿಯೊಂದು 1891ರಲ್ಲಿ ಆ ಅಕ್ಷರವನ್ನು ಕಿತ್ತುಹಾಕಿತ್ತು. ಊರವರು ಪಟ್ಟು ಬಿಡದೆ 1911ರಲ್ಲಿ ಅದನ್ನು ಮರಳಿ ಪಡೆದರು. ಚಿತ್ರ ಆ ಇಪ್ಪತ್ತು ವರ್ಷಗಳ ನಡುವಿನದು ಎಂಬುದಕ್ಕೆ ಇಲ್ಲದ ಆ ಒಂದಕ್ಷರವೇ ಸಾಕ್ಷಿ.

2022ರಲ್ಲಿ ಇಂಥದ್ದೊಂದು ಕಾರ್ಡು 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಆಗಿನ ದರದಲ್ಲಿ 57 ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ. ಈ ಕಾರ್ಡಿನ ಮಾತು ಬಂದಾಗಲೆಲ್ಲ ಬೆಲೆಯೇ ಸುದ್ದಿಯಾಗುತ್ತದೆ. ನನಗೆ ಅದು ಬೇಸರ. ಚಿತ್ರದಲ್ಲಿರುವ ಮನುಷ್ಯ ಬೆಲೆಗಿಂತ ದೊಡ್ಡವನು. ಅಷ್ಟೇ ಅಲ್ಲ, ಆ ಬೆಲೆ ಹುಟ್ಟಿದ್ದೇ ಆತ ಒಮ್ಮೆ ಹೇಳಿದ ‘ಬೇಡ’ ಎಂಬ ಮಾತಿನಿಂದ.

ನಮ್ಮಲ್ಲಿ ಬೆಂಕಿಪೊಟ್ಟಣದ ಚಿತ್ರ ಕೂಡಿಟ್ಟವರಿಗೆ ಈ ಹುಚ್ಚು ಹೊಸದಲ್ಲ. ಅಮೆರಿಕದಲ್ಲಿ ಅದು ಸಿಗರೇಟು ಪ್ಯಾಕಿನಿಂದ ಶುರುವಾಯಿತು. ಮೆತ್ತಗಿನ ಕಾಗದದ ಪ್ಯಾಕಿನಲ್ಲಿ ಸಿಗರೇಟು ಮುರಿಯದಿರಲೆಂದು ಒಳಗೊಂದು ರಟ್ಟು ಇಡುತ್ತಿದ್ದರು. ಆ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದರೆ ವ್ಯಾಪಾರವೂ ಬೆಳೆಯುತ್ತದೆಂದು ಕಂಪನಿಗಳು ಕಂಡುಕೊಂಡವು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿ ಪೀಡ್ಮಂಟ್, ಸ್ವೀಟ್ ಕಾಪೊರಲ್ ಮುಂತಾದ ತನ್ನ ಬ್ರಾಂಡುಗಳಲ್ಲಿ 500ಕ್ಕೂ ಹೆಚ್ಚು ಬೇಸ್‌ಬಾಲ್ ಚಿತ್ರಗಳನ್ನು ಹಂಚಿತು. ಕಲ್ಲಚ್ಚಿನಲ್ಲಿ ಒಂದೊಂದೇ ಬಣ್ಣ ಬಳಿದು ಮುದ್ರಿಸಿದ ಆ ಚಿತ್ರಗಳ ಸೊಗಸು ನೂರು ವರ್ಷ ದಾಟಿದರೂ ಮಾಸಿಲ್ಲ. ತಂಬಾಕಿನ ಅಂಗಡಿ ಬಾಗಿಲಲ್ಲಿ ಹುಡುಗರು ಕಾದು ನಿಂತು, ಪ್ಯಾಕು ಕೊಂಡು ಹೊರಬಂದವರ ಬಳಿ ಚಿತ್ರ ಕೊಡಿ ಎಂದು ಬೇಡುತ್ತಿದ್ದರು. ಸಂಗ್ರಾಹಕರು ಈ ಸರಣಿಯನ್ನು ‘ಟಿ206’ ಎಂದು ಕರೆಯುತ್ತಾರೆ.

ಆಟಗಾರರ ಒಪ್ಪಿಗೆ ತರುವ ಕೆಲಸ ಪಿಟ್ಸ್‌ಬರ್ಗ್‌ನಲ್ಲಿ ಜಾನ್ ಗ್ರೂಬರ್ ಎಂಬ ಪತ್ರಕರ್ತನ ಪಾಲಿಗೆ ಬಂತು. ಹೋನಸ್ ವ್ಯಾಗ್ನರ್ ಒಪ್ಪಿದರೆ ಗ್ರೂಬರನಿಗೆ 10 ಡಾಲರ್. ವ್ಯಾಗ್ನರ್ ಒಪ್ಪಲಿಲ್ಲ. ಸಿಗರೇಟು ಪ್ಯಾಕಿನಲ್ಲಿ ತನ್ನ ಚಿತ್ರ ಬರುವುದು ಇಷ್ಟವಿಲ್ಲವೆಂದು ಕಾಗದ ಬರೆದ. ತನ್ನಿಂದಾಗಿ ಗೆಳೆಯನಿಗೆ ನಷ್ಟವಾಗಬಾರದೆಂದು ಅದರ ಜೊತೆಗೆ 10 ಡಾಲರಿನ ಚೆಕ್ಕನ್ನೂ ಇಟ್ಟು ಕಳುಹಿಸಿದ. ಕಂಪನಿ ಮುದ್ರಣ ನಿಲ್ಲಿಸಿತು. ಅಷ್ಟರಲ್ಲಿ ಹೊರಬಿದ್ದಿದ್ದ ಕಾರ್ಡುಗಳಲ್ಲಿ ಇಂದು ಉಳಿದಿರುವುದು ಹೆಚ್ಚೆಂದರೆ ಅರುವತ್ತರ ಆಸುಪಾಸು.

ಯಾಕೆ ಬೇಡವೆಂದ? ದುಡ್ಡು ಸಾಲದೆಂದು ಮುನಿಸಿಕೊಂಡ ಎನ್ನುವವರಿದ್ದಾರೆ. ಆತ ಹೊಗೆಸೊಪ್ಪು ಜಗಿಯುತ್ತಿದ್ದ, ಅದಕ್ಕೂ ಮೊದಲು ಚುಟ್ಟಾದ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದ ಎಂದು ಅವರು ನೆನಪಿಸುತ್ತಾರೆ. ಅದೂ ನಿಜವೇ. ಮಕ್ಕಳು ತನ್ನ ಚಿತ್ರದ ಆಸೆಗೆ ಸಿಗರೇಟು ಕೊಳ್ಳುವುದು ತಾತನಿಗೆ ಇಷ್ಟವಿರಲಿಲ್ಲ ಎಂದು ಆತನ ಮೊಮ್ಮಗಳು ಮುಂದೆ ಹೇಳಿದ್ದುಂಟು. ನಾನು ನಂಬುವುದು ಮೊಮ್ಮಗಳ ಮಾತನ್ನು. ವ್ಯಾಗ್ನರ್‌ಗೆ ವ್ಯಾಪಾರದ ಬಗ್ಗೆ ಮಡಿ ಇರಲಿಲ್ಲ. 1905ರಲ್ಲಿ ಬ್ಯಾಟಿನ ಮೇಲೆ ತನ್ನ ಸಹಿ ಹಾಕಿಕೊಳ್ಳಲು ಲೂಯಿವಿಲ್‌ನ ತಯಾರಕರಿಗೆ ಒಪ್ಪಿಗೆ ಕೊಟ್ಟ ಮೊದಲ ಆಟಗಾರನೇ ಆತ. ಬ್ಯಾಟಿನ ಮೇಲೆ ಹೆಸರಿರಲಿ, ಸಿಗರೇಟಿನ ಜೊತೆ ಮುಖ ಬೇಡ ಎಂದವನಿಗೆ ಎರಡರ ನಡುವಿನ ವ್ಯತ್ಯಾಸ ಗೊತ್ತಿತ್ತು. ಕಾಸಿನ ಆಸೆಯಿಂದ ಮುನಿದವನು ಕೈಯಿಂದ 10 ಡಾಲರ್ ಕೊಡುತ್ತಾನೆಯೇ?

ಪಿಟ್ಸ್‌ಬರ್ಗ್ ಪಕ್ಕದ, ಈಗ ಕಾರ್ನೆಗಿ ಎಂದು ಕರೆಯುವ ಕಲ್ಲಿದ್ದಲಿನ ಊರಿನಲ್ಲಿ 1874ರಲ್ಲಿ ಹುಟ್ಟಿದ ಆತ ಜರ್ಮನಿಯಿಂದ ವಲಸೆ ಬಂದ ಗಣಿ ಕಾರ್ಮಿಕನ ಮಗ. ಹನ್ನೆರಡನೇ ವಯಸ್ಸಿಗೇ ಶಾಲೆ ಬಿಟ್ಟು ಅಪ್ಪನ ಹಿಂದೆ ಗಣಿಗಿಳಿದ. ಮುಂದೆ ಕ್ಷೌರದ ಕೆಲಸವನ್ನೂ ಕಲಿತ. 1897ರಲ್ಲಿ ಲೂಯಿವಿಲ್ ತಂಡ ಸೇರಿ, 1900ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಬಂದು, 1917ರವರೆಗೂ ಊರ ತಂಡದಲ್ಲೇ ಆಡಿದ.

ನೋಡಿದರೆ ಓಟಗಾರ ಎನ್ನಿಸುತ್ತಿರಲಿಲ್ಲ. ಅಗಲ ಎದೆ, ಮೊಳಕಾಲಿನ ಬಳಿ ಬಿಲ್ಲಿನಂತೆ ಬಾಗಿದ ಕಾಲು, ಉದ್ದನೆಯ ತೋಳು, ಮೊರದಗಲ ಅಂಗೈ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಆತನ ಜಾಗ. ಚುರುಕಾದ ಹೊಡೆತಗಳಲ್ಲಿ ಬಹಳಷ್ಟು ಅಲ್ಲಿಗೇ ನುಗ್ಗುತ್ತವೆ. ವ್ಯಾಗ್ನರ್ ಬಾಚಿ ಎಸೆದರೆ ಚೆಂಡಿನ ಜೊತೆ ಹಿಡಿ ಮಣ್ಣು, ಕಲ್ಲುಹರಳುಗಳೂ ಮೊದಲ ಬೇಸ್‌ನತ್ತ ಹಾರಿಹೋಗುತ್ತಿದ್ದವು ಎಂದು ಜೊತೆಗಾರರು ಹೇಳಿಕೊಳ್ಳುತ್ತಿದ್ದರು. ‘ಹಾರುವ ಡಚ್ಚಿಗ’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಎಸೆತಗಾರನ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿ ಸೇರುವ ‘ಕದಿಯುವ’ ವಿದ್ಯೆಯಲ್ಲಿ 700 ದಾಟಿದವನು ಆತ.

ಬೇಸ್‌ಬಾಲಿನಲ್ಲಿ ಹತ್ತು ಸಲ ಬ್ಯಾಟು ಹಿಡಿದು ಮೂರು ಸಲ ಸರಿಯಾಗಿ ಹೊಡೆದವನೇ ಗಟ್ಟಿಗ. ಚೆಂಡು ಮೆತ್ತಗಾಗಿ, ಬಣ್ಣಗೆಟ್ಟು ಕಪ್ಪಾಗುವವರೆಗೂ ಅದರಲ್ಲೇ ಆಡುತ್ತಿದ್ದ ಕಾಲದಲ್ಲಿ, 1900ರಲ್ಲಿ ವ್ಯಾಗ್ನರನ ಸರಾಸರಿ ಸಾವಿರಕ್ಕೆ 381. ನ್ಯಾಷನಲ್ ಲೀಗಿನಲ್ಲಿ ಎಂಟು ವರ್ಷ ಬ್ಯಾಟಿಂಗ್‌ನ ಮೊದಲ ಸ್ಥಾನ ಆತನದು. ಆ ಎಂಟನ್ನು ಸರಿಗಟ್ಟಲು 1997ರಲ್ಲಿ ಟೋನಿ ಗ್ವಿನ್ ಬರಬೇಕಾಯಿತು.

ಆದರೆ 1903ರ ಮೊದಲ ವರ್ಲ್ಡ್ ಸೀರೀಸಿನಲ್ಲಿ ಬಾಸ್ಟನ್ ಎದುರು ಆತ ಸೋತುಹೋದ. ಸರಾಸರಿ 222ಕ್ಕೆ ಕುಸಿಯಿತು. ಆ ಅವಮಾನ ತೊಳೆಯಲು ಆರು ವರ್ಷ ಕಾಯಬೇಕಾಯಿತು. 1909ರಲ್ಲಿ ಎದುರಾಳಿ ಡೆಟ್ರಾಯಿಟ್. ಅದರಲ್ಲಿದ್ದವನು ಇಪ್ಪತ್ತೆರಡರ ಹರೆಯದ ಟೈ ಕಾಬ್, ಆಟದ ಅತ್ಯಂತ ಉಗ್ರ ಪ್ರತಿಭೆ. ಮೂವತ್ತೈದರ ವ್ಯಾಗ್ನರ್ 333ರ ಸರಾಸರಿಯಲ್ಲಿ ಹೊಡೆದು ಆರು ಬೇಸ್ ಕದ್ದ. ಕಾಬ್ 231ಕ್ಕೇ ನಿಂತ. ಏಳು ಪಂದ್ಯಗಳ ಆ ಸೀರೀಸ್ ಪಿಟ್ಸ್‌ಬರ್ಗ್ ಪಾಲಾಯಿತು. ಟಿ206 ಸರಣಿಯ ಸಿಗರೇಟು ಕಾರ್ಡುಗಳು ಹೊರಬರಲು ಶುರುವಾದದ್ದೂ ಅದೇ ವರ್ಷ.

1936ರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಮೊದಲು ಆರಿಸಿದ ಐವರಲ್ಲಿ ವ್ಯಾಗ್ನರನೂ ಒಬ್ಬ. ಬೇಬ್ ರೂತ್‌ಗೆ ಬಿದ್ದಷ್ಟೇ, 215 ಮತ ಆತನಿಗೂ ಬಿದ್ದವು. 1933ರಿಂದ ಸುಮಾರು ಇಪ್ಪತ್ತು ವರ್ಷ ಪೈರೇಟ್ಸ್‌ನ ತರಬೇತುದಾರನಾಗಿದ್ದ. 1955ರ ಏಪ್ರಿಲ್‌ನಲ್ಲಿ ಊರು ಆತನ ಪ್ರತಿಮೆ ನಿಲ್ಲಿಸಿದಾಗ ಅದನ್ನು ಕಣ್ಣಾರೆ ಕಂಡು, ಡಿಸೆಂಬರಿನಲ್ಲಿ ತೀರಿಕೊಂಡ.

ಕಾರ್ಡಿನ ಕತೆ ಮುಂದುವರಿಯಿತು. ಉಳಿದವುಗಳಲ್ಲೆಲ್ಲ ಅಂಚು ಚೂಪಾಗಿ, ಹೊಸದರಂತೆ ಕಾಣುವ ಒಂದು ಪ್ರತಿಯನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರನೊಬ್ಬನ ಜೊತೆ ಸೇರಿ 4,51,000 ಡಾಲರ್ ಕೊಟ್ಟು ಕೊಂಡ. 2007ರ ಹೊತ್ತಿಗೆ ಅದು 28 ಲಕ್ಷಕ್ಕೆ ಏರಿತು. ಅದರ ಅಂಚು ಅಷ್ಟು ಚೂಪಾಗಿರಲು ತಾನು ಅದನ್ನು ಕತ್ತರಿಸಿದ್ದೇ ಕಾರಣವೆಂದು ಬಿಲ್ ಮಾಸ್ಟ್ರೋ ಎಂಬ ಹರಾಜುಗಾರ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಮೂಲೆ ಮಾಸಿದ, ಮಡಿಕೆ ಬಿದ್ದ ಪ್ರತಿಗಳ ಮೇಲೆ ನನಗೆ ಪ್ರೀತಿ ಹೆಚ್ಚು. ಯಾವನೋ ಹುಡುಗನ ಜೇಬಿನಲ್ಲಿ ಓಡಾಡಿದ ಗುರುತು ಅವುಗಳಲ್ಲಿದೆ.

‘ಟಿ206’ ಎಂಬ ಹೆಸರು ಕೊಟ್ಟವನು ಸಿರಕ್ಯೂಸ್‌ನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಜೆಫರ್ಸನ್ ಬರ್ಡಿಕ್. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದ ಆತ 3 ಲಕ್ಷಕ್ಕೂ ಹೆಚ್ಚು ಕಾರ್ಡು, ಚಿತ್ರಚೀಟಿಗಳನ್ನು ಕೂಡಿಸಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಕೊಟ್ಟು ಸುಮ್ಮನಾಗಲಿಲ್ಲ. ವರ್ಷಗಟ್ಟಲೆ ಅಲ್ಲಿಯ ಮೇಜಿನ ಮುಂದೆ ಕೂತು ಒಂದೊಂದನ್ನೂ ಆಲ್ಬಂ ಪುಟಗಳಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೊನೆಯದನ್ನು ಅಂಟಿಸಿ ಎದ್ದ. ಎರಡು ತಿಂಗಳಲ್ಲಿ ತೀರಿಕೊಂಡ. ವ್ಯಾಗ್ನರನ ಆ ಕಿತ್ತಳೆ ಹಿನ್ನೆಲೆಯ ಚಿತ್ರವೂ ಬರ್ಡಿಕ್ ಕೊಟ್ಟ ರಾಶಿಯಲ್ಲಿದೆ, ತನ್ನ ಕಾಲದ ಆಟಗಾರರ ಜೊತೆಗೆ.