ಜೋಳಿಗೆಗೆ ಹಾಕಲಾಗದ ವ್ಯಸನ

ವ್ಯಸನವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಸೆರೆ, ಗುಟಕಾ, ಮಟಕಾ, ಇಸ್ಪೀಟು. ಇವುಗಳ ವಿರುದ್ಧ ನಮ್ಮ ಮಠಗಳು ಬಹುಕಾಲದಿಂದ ಜನರನ್ನು ಎಚ್ಚರಿಸುತ್ತ ಬಂದಿವೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಆದರೆ ಎಲ್ಲರೆದುರು ಆ ಜೋಳಿಗೆಗೆ ಹಾಕಲಾಗದ ವ್ಯಸನವೊಂದಿದೆ. ಅದು ಕಾಮದ ಮತ್ತು ಪ್ರೇಮದ ವ್ಯಸನ.

ಕಾಮವೇ ಪಾಪವೆಂದು ನಾವು ಹೇಳುತ್ತಿಲ್ಲ. ಬಸವಣ್ಣನವರೂ ಬಹುಪಾಲು ಶರಣರೂ ಸಂಸಾರಿಗಳೇ. ಬಯಕೆ ಮನುಷ್ಯನ ಅಂಕೆ ಮೀರಿ, ಹಣ, ಉದ್ಯೋಗ, ದಾಂಪತ್ಯ, ಆರೋಗ್ಯ ಹಾಳಾಗುತ್ತಿದ್ದರೂ ಬಿಡಲಾಗದಂತಾದಾಗ ಅದು ವ್ಯಸನ. ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಹತೋಟಿ ತಪ್ಪಿದ ಲೈಂಗಿಕ ವರ್ತನೆಯನ್ನು ಒಂದು ಮನೋವ್ಯಾಧಿಯಾಗಿ ಗುರುತಿಸಿದೆ. ಪ್ರೇಮದ ವ್ಯಸನಕ್ಕೆ ಅಲ್ಲಿ ಪ್ರತ್ಯೇಕ ಹೆಸರಿಲ್ಲವಾದರೂ ಅದರ ನೋವು ನಿಜವಾದುದು. ಹೊಡೆಯುವವರನ್ನೂ ವಂಚಿಸುವವರನ್ನೂ ಬಿಟ್ಟಿರಲಾರದೆ, ಅವರ ಒಂದು ಕರೆಗಾಗಿ ಊಟ ನಿದ್ರೆ ಬಿಟ್ಟು ಕಾಯುವವರು ಅದನ್ನು ಬಲ್ಲರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಯವರಿಗೆ ಒಪ್ಪಿಗೆಯಾಗದ ಪ್ರೀತಿಯನ್ನೆಲ್ಲ ವ್ಯಸನವೆಂದು ಕರೆಯಬಾರದು. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಗಾಗಿ ರಕ್ತ ಹರಿದ ಕಲ್ಯಾಣ ಇದೇ ಬೀದರ ಜಿಲ್ಲೆಯಲ್ಲಿದೆ. ಜಾತಿ ಮೀರಿದ ಪ್ರೀತಿಯನ್ನು ರೋಗವೆಂದು ಹೇಳುವ ಅಧಿಕಾರ ಶರಣರ ವಾರಸುದಾರರಿಗೆ ಇಲ್ಲ.

ಈ ವ್ಯಸನದಿಂದ ಹೊರಬರಲು ಬಳಕೆಯಲ್ಲಿರುವ ಮಾರ್ಗಗಳಲ್ಲಿ ಹನ್ನೆರಡು ಮೆಟ್ಟಿಲುಗಳ ಸಾಧನೆ ಒಂದು. 1935ರಲ್ಲಿ ಅಮೆರಿಕದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ಕುಡಿತದಿಂದ ದೂರ ಉಳಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಅವರ ಕೂಟದ ಮೆಟ್ಟಿಲುಗಳು 1939ರಲ್ಲಿ ಪುಸ್ತಕರೂಪದಲ್ಲಿ ಬಂದವು. ಅದೇ ಮಾದರಿಯಲ್ಲಿ 1976ರಲ್ಲಿ ಬಾಸ್ಟನ್ ನಗರದಲ್ಲಿ ಕಾಮ ಮತ್ತು ಪ್ರೇಮದ ವ್ಯಸನಿಗಳ ಕೂಟ ಹುಟ್ಟಿತು. ಅಲ್ಲಿ ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಾಗಿಲ್ಲ. ಕುಡಿತದಂತೆ ಕಾಮವನ್ನು ಪೂರ್ತಿ ತೊರೆಯಬೇಕೆಂಬ ನಿಯಮವೂ ಇಲ್ಲ. ತನ್ನನ್ನು ಹಾಳುಮಾಡುತ್ತಿರುವ ವರ್ತನೆಗಳು ಯಾವುವೆಂದು ಪ್ರತಿಯೊಬ್ಬರೂ ತಾವೇ ಗುರುತಿಸಿ, ಅವುಗಳಿಂದ ದಿನದಿನವೂ ದೂರವಿರುತ್ತಾರೆ.

ಮೊದಲ ಮೂರು ಮೆಟ್ಟಿಲು, ತನ್ನ ಬಲ ಸಾಲದೆಂದು ಒಪ್ಪಿ ತನಗಿಂತ ಹಿರಿದಾದ ಶಕ್ತಿಗೆ ಒಪ್ಪಿಸಿಕೊಳ್ಳುವುದು. ನಾಲ್ಕು ಮತ್ತು ಐದನೆಯವು, ತನ್ನ ಬದುಕಿನ ಲೆಕ್ಕವನ್ನು ಬರೆದು ನಂಬಿಕಸ್ಥರೊಬ್ಬರ ಮುಂದೆ ತೆರೆದಿಡುವುದು. ಆರು ಮತ್ತು ಏಳರಲ್ಲಿ ದೋಷಗಳನ್ನು ಬಿಡಲು ಸಿದ್ಧನಾಗಿ ವಿನಯದಿಂದ ಬೇಡಿಕೊಳ್ಳುವುದು. ಎಂಟು ಮತ್ತು ಒಂಬತ್ತರಲ್ಲಿ, ನೋಯಿಸಿದವರ ಪಟ್ಟಿ ಮಾಡಿ ಸಾಧ್ಯವಾದೆಡೆ ಸರಿಪಡಿಸುವುದು. ಹಾಗೆ ಮಾಡುವುದರಿಂದ ಅವರಿಗೇ ಮತ್ತೆ ನೋವಾಗುವಂತಿದ್ದರೆ ಸುಮ್ಮನಿರಬೇಕು. ಹತ್ತು ಮತ್ತು ಹನ್ನೊಂದು, ನಿತ್ಯದ ಆತ್ಮಪರೀಕ್ಷೆ ಮತ್ತು ಧ್ಯಾನ. ಹನ್ನೆರಡನೆಯದು, ಇನ್ನೊಬ್ಬ ನೊಂದವನ ಕೈ ಹಿಡಿಯುವುದು.

ಶರಣಮಾರ್ಗದಲ್ಲಿ ನಡೆದವರಿಗೆ ಇದು ಅಪರಿಚಿತ ದಾರಿಯಲ್ಲ. ಅಂಗೈಯ ಇಷ್ಟಲಿಂಗದ ಮುಂದೆ ಸುಳ್ಳು ನಿಲ್ಲದು. ಗುರುವಿನ ಮುಂದೆ ಮನ ಬಿಚ್ಚುವುದು, ಜಂಗಮಸೇವೆ, ದಾಸೋಹ ಇವೆಲ್ಲ ಅದೇ ಶಿಸ್ತಿನ ಬೇರೆ ಹೆಸರುಗಳು. ಹರಿಹರನ ರಗಳೆಯಲ್ಲಿ ಅಲ್ಲಮಪ್ರಭುಗಳು ಕಾಮಲತೆಯ ಮರಣದ ನಂತರ ವಿರಹದಿಂದ ಮರುಳಾಗಿ ಅಲೆದವರು. ಅನಿಮಿಷಯ್ಯನ ಕೈಯ ಲಿಂಗ ದೊರೆತ ಮೇಲೆ ಅವರ ದಾರಿ ಬದಲಾಯಿತು. ಕನ್ನಗಳ್ಳನಾಗಿದ್ದ ಮಾರಿತಂದೆಯೂ ವೇಶ್ಯಾವೃತ್ತಿಯ ಸಂಕವ್ವೆಯೂ ವಚನಕಾರರ ಸಾಲಿನಲ್ಲಿ ಕುಳಿತರು. ಅವರ ಹಿಂದಿನ ಬದುಕನ್ನು ಮುಂದಿಟ್ಟುಕೊಂಡು ಶರಣರು ಬಾಗಿಲು ಹಾಕಲಿಲ್ಲ.

ಇಂದು ನಾವು ಬಾಗಿಲು ಹಾಕುತ್ತಿದ್ದೇವೆಯೇ ಎಂಬುದೇ ಪ್ರಶ್ನೆ. ಔರಾದ, ಭಾಲ್ಕಿಯ ಹಳ್ಳಿಗಳಿಂದ ಯುವಕರು ಹೈದರಾಬಾದ್, ಪುಣೆಗಳಿಗೆ ದುಡಿಯಲು ಹೋಗುತ್ತಾರೆ. ಬಾಡಿಗೆ ಕೋಣೆಯ ಒಂಟಿತನಕ್ಕೆ ಕೈಯಲ್ಲಿನ ಮೊಬೈಲೇ ಸಂಗಾತಿ. ಸಂಗತಿ ಬಯಲಾದಾಗ ಮನೆಯವರು ಹೇಳುವ ಮದ್ದು, “ಲಗ್ನ ಮಾಡಿದರೆ ಸರಿಹೋಗುತ್ತಾನೆ” ಎಂಬುದು. ಲಗ್ನ ಔಷಧವಲ್ಲ, ಅದು ಇನ್ನೊಂದು ಮನೆಯ ಮಗಳಿಗೆ ಈ ನೋವನ್ನು ಹೊರಿಸುವುದಷ್ಟೇ. ಅವಮಾನದ ಭಯದಿಂದ ಬಾಯಿ ಮುಚ್ಚಿದವರು ಕೆಲವೊಮ್ಮೆ ಜೀವವನ್ನೇ ಕಳೆದುಕೊಳ್ಳುವ ಯೋಚನೆಗೆ ಬರುತ್ತಾರೆ.

ಅಂಥವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮೊಬೈಲಿನ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಚಿಕಿತ್ಸಾಲಯವಿದೆ. ಹನ್ನೆರಡು ಮೆಟ್ಟಿಲ ಕೂಟದ ಸಭೆಗಳು ಅಂತರ್ಜಾಲದಲ್ಲಿಯೂ ನಡೆಯುತ್ತವೆ. ಮೆಟ್ಟಿಲುಗಳು ವೈದ್ಯರಿಗೆ ಬದಲಿಯಲ್ಲ, ಅಪರಾಧಕ್ಕೆ ಮರೆಯೂ ಅಲ್ಲ. ಮಗುವಿಗೆ ತೊಂದರೆಯಾಗಿದ್ದರೆ 1098ಕ್ಕೆ ತಿಳಿಸಲೇಬೇಕು.

ಸ್ವಾಮಿಗಳಲ್ಲಿ, ಹಿರಿಯರಲ್ಲಿ, ಅಕ್ಕನ ಬಳಗದ ತಾಯಂದಿರಲ್ಲಿ ನಮ್ಮದೊಂದು ವಿನಂತಿ. ಯಾರಾದರೂ ನಂಬಿ ಬಂದು ಈ ಮಾತು ತೆಗೆದರೆ ಮುಖ ಸಿಂಡರಿಸದೆ ಪೂರ್ತಿ ಕೇಳಿರಿ. ಕೇಳಿದ್ದು ನಿಮ್ಮಲ್ಲೇ ಉಳಿಯಲಿ. ಮಹಾಂತ ಜೋಳಿಗೆಗೆ ಎಲ್ಲರ ಕಣ್ಣೆದುರು ಹಾಕಲಾಗದ್ದನ್ನು ಏಕಾಂತದಲ್ಲಿ ಸ್ವೀಕರಿಸುವ ಜೋಳಿಗೆಗಳು ಊರೂರಿನಲ್ಲಿ ಬೇಕಾಗಿವೆ.