ಬಿಗಿದ ಮುಷ್ಟಿ ಬಿಡಿಸುವ ವಿದ್ಯೆ

ಗುಂಡ್ಲುಪೇಟೆ ಸೀಮೆಯಲ್ಲಿ ಬದುಕು ನಡೆಯುವುದು ಬೆರಳುಗಳ ಮೇಲೆ. ಚೆಂಡುಹೂ ಬಿಡಿಸಬೇಕು, ಅರಿಸಿನ ಕೀಳಬೇಕು, ಸಣ್ಣ ಈರುಳ್ಳಿ ಹಸನು ಮಾಡಬೇಕು. ಇಂಥ ಮನೆಯಲ್ಲಿ ಒಬ್ಬರಿಗೆ ಲಕ್ವ ಹೊಡೆದರೆ ಮೊದಲ ದಿನಗಳಲ್ಲಿ ಕೈ ಸೋತು ಜೋಲುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ವಾರಗಳಾದ ಮೇಲೆ ಅದೇ ಕೈ ಗಟ್ಟಿಯಾಗತೊಡಗುತ್ತದೆ. ಮೊಣಕೈ ಮಡಚಿ ಎದೆಗೆ ಅವಚಿಕೊಳ್ಳುತ್ತದೆ, ಹೆಬ್ಬೆರಳು ಅಂಗೈಯೊಳಗೆ ಸೇರಿ ಮುಷ್ಟಿ ಕಟ್ಟುತ್ತದೆ, ಪಾದ ಒಳಕ್ಕೆ ತಿರುಗುತ್ತದೆ. ‘ಕೈಗೆ ಶಕ್ತಿ ಬತ್ತಾ ಅದ’ ಎಂದು ಮನೆಯವರು ಹಿಗ್ಗುವುದೂ ಉಂಟು.

ಅದು ಶಕ್ತಿಯಲ್ಲ, ಸ್ನಾಯುಗಳ ಬಿಗಿತ. ವೈದ್ಯರು ಸ್ಪಾಸ್ಟಿಸಿಟಿ ಎನ್ನುತ್ತಾರೆ. ಬೆನ್ನುಹುರಿಯ ಪ್ರತಿವರ್ತನೆಗಳನ್ನು ಮಿದುಳು ಸದಾ ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಪಾರ್ಶ್ವವಾಯುವಿನಲ್ಲಿ ಆ ಹಿಡಿತ ತಪ್ಪಿದಾಗ ಸ್ನಾಯು ಎಳೆದಷ್ಟೂ ಬಿಗಿಯುತ್ತದೆ. ರಭಸದಿಂದ ಎಳೆದರೆ ಇನ್ನೂ ಹೆಚ್ಚು. ಆದ್ದರಿಂದ ನಿಧಾನವೇ ಫಿಸಿಯೋಥೆರಪಿಯ ಮೊದಲ ಪಾಠ.

ಈ ಬಿಗಿತ ಯಾರಿಗೆ ಬರಬಹುದೆಂದು ಬಹುಮಟ್ಟಿಗೆ ಮೊದಲೇ ಹೇಳಬಹುದು. ಪಾರ್ಶ್ವವಾಯು ಆದವರಲ್ಲಿ ಸುಮಾರು ನಾಲ್ವರಿಗೆ ಒಬ್ಬರಲ್ಲಿ, ಕೈಕಾಲಿನ ಬಲ ಕುಂದಿದವರಲ್ಲಂತೂ ಹತ್ತಕ್ಕೆ ನಾಲ್ವರ ಹತ್ತಿರ, ಬಿಗಿತ ಕಾಣಿಸುತ್ತದೆ. ಆರಂಭದಲ್ಲೇ ಕೈಕಾಲು ತೀರಾ ಸೋತವರು, ಆ ಭಾಗದಲ್ಲಿ ಸ್ಪರ್ಶ ತಿಳಿಯದವರು, ಮಿದುಳಿನಲ್ಲಿ ರಕ್ತಸ್ರಾವವಾದವರು ಹೆಚ್ಚು ಅಪಾಯದಲ್ಲಿರುತ್ತಾರೆ. ಇದು ಮುದುಕರ ಪಾಡು ಮಾತ್ರ ಎಂದುಕೊಳ್ಳಬೇಡಿ. ದುಡಿಯುವ ವಯಸ್ಸಿನವರಲ್ಲೇ ಹೆಚ್ಚೆಂದು ಕಂಡ ಅಧ್ಯಯನಗಳಿವೆ.

ಬಿಗಿತವನ್ನು ಅಳೆಯಲು ಯಂತ್ರ ಬೇಕಿಲ್ಲ. ಫಿಸಿಯೋಥೆರಪಿಸ್ಟ್ ಕೀಲನ್ನು ತನ್ನ ಕೈಯಲ್ಲೇ ಆಡಿಸಿ ನೋಡುತ್ತಾರೆ. 1964ರಲ್ಲಿ ಆಶ್‌ವರ್ತ್ ರೂಪಿಸಿ, 1987ರಲ್ಲಿ ತಿದ್ದುಪಡಿಯಾದ ಅಳತೆಗೋಲಿನಲ್ಲಿ ಸೊನ್ನೆ ಎಂದರೆ ಬಿಗಿತವಿಲ್ಲ, 4 ಎಂದರೆ ಕೀಲು ಅಲುಗುವುದೇ ಇಲ್ಲ. ಆಮೇಲೆ ಅವರು ಹುಡುಕುವುದು ಕೆರಳಿಸುವ ಕಾರಣಗಳನ್ನು. ಮಲಬದ್ಧತೆ, ಮೂತ್ರದ ಸೋಂಕು, ಹಾಸಿಗೆ ಹುಣ್ಣು, ಒಳಗೆ ಬೆಳೆದ ಉಗುರು, ಇವುಗಳಲ್ಲಿ ಯಾವುದೇ ಒಂದು ಬಿಗಿತವನ್ನು ಏರಿಸಬಲ್ಲದು. ಚಳಿಯೂ ಅಷ್ಟೇ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಊರುಗಳಲ್ಲಿ ಮಂಜು ಮುಸುಕಿದ ಬೆಳಗ್ಗೆ ಕೈ ಹೆಚ್ಚು ಮೊಂಡಾದರೆ ಕಾಯಿಲೆ ಉಲ್ಬಣಿಸಿತೆಂದು ಗಾಬರಿಪಡಬೇಕಿಲ್ಲ. ಸೋತ ಕೈ ಹಿಡಿದೆಳೆದು ಎಬ್ಬಿಸುವುದನ್ನು ಮಾತ್ರ ದಯವಿಟ್ಟು ಬಿಡಿ, ಭುಜದ ಕೀಲು ಜಾರುತ್ತದೆ. ಮುಷ್ಟಿ ಬಿಗಿದವರಿಗೆ ಚೆಂಡು ಕೊಟ್ಟು ಹಿಸುಕಿಸುವುದೂ ಬಹಳ ಕಡೆ ರೂಢಿ. ಆ ಕೈಗೆ ಬೇಕಾದದ್ದು ಹಿಸುಕುವ ಬಲವಲ್ಲ, ಬೆರಳು ಬಿಚ್ಚುವ ಅಭ್ಯಾಸ.

ಬಿಗಿತ ತಗ್ಗಿಸಲು ಬ್ಯಾಕ್ಲೋಫೆನ್, ಟಿಜಾನಿಡಿನ್ ಮಾತ್ರೆಗಳಿವೆ, ತೂಕಡಿಕೆ ತರುತ್ತವೆ. ಒಂದೆರಡು ಸ್ನಾಯುಗಳಷ್ಟೇ ತೊಂದರೆ ಕೊಡುತ್ತಿದ್ದರೆ ಬೊಟುಲಿನಮ್ ಚುಚ್ಚುಮದ್ದು ಮೂರು ತಿಂಗಳಷ್ಟು ಸಡಿಲ ಕೊಡುತ್ತದೆ, ಆದರೆ ದುಬಾರಿ. ಎಣ್ಣೆ ನೀವಿದರೆ ಹಾಯೆನಿಸಬಹುದು. ಪಾರಿವಾಳದ ರಕ್ತ ಹಚ್ಚುವುದರಿಂದ ಏನೂ ಆಗದು; ಅದಕ್ಕಾಗಿ ಅಲೆದ ದಿನಗಳೇ ನಷ್ಟ.

ಜಿಲ್ಲಾ ಕೇಂದ್ರ ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. 2021ರ ಅಕ್ಟೋಬರ್‌ನಲ್ಲಿ ಅದರ 450 ಹಾಸಿಗೆಗಳ ಆಸ್ಪತ್ರೆಯನ್ನು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಗುಂಡ್ಲುಪೇಟೆಯವರಿಗೆ ಮೈಸೂರು ಸುಮಾರು 60 ಕಿ.ಮೀ. ತುರ್ತಿಗೆ ಒಮ್ಮೆ ಓಡಿಹೋಗುವುದು ಬೇರೆ. ಬಿಗಿತದ ಆರೈಕೆ ತಿಂಗಳುಗಟ್ಟಲೆಯದು, ಕೂಲಿ ಬಿಟ್ಟು ವಾರವಾರ ಬಸ್ಸು ಹತ್ತುವವರಾರು? ಹಾಗಾಗಿ ಭಾರವೆಲ್ಲ ಹೆಂಡತಿಯ, ಸೊಸೆಯ ಮೇಲೆ ಬೀಳುತ್ತದೆ.

ಮನೆಯವರಿಗೆ ಕಲಿಸಿದರೆ ಸಾಕೇ? ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿದ ‘ಅಟೆಂಡ್’ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ನೋಡಿದರೆ, ತರಬೇತಿ ಪಡೆದ ಕುಟುಂಬಗಳ ರೋಗಿಗಳಲ್ಲೂ ಸಾವು, ಪರಾವಲಂಬನೆ ಕಡಿಮೆಯಾಗಿರಲಿಲ್ಲ. ಮನೆಯವರ ಪ್ರೀತಿ ಕಡಿಮೆಯೆಂದಲ್ಲ. ನುರಿತವರ ಕೆಲಸವನ್ನು ಅವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಾಗದು. ನುರಿತ ಫಿಸಿಯೋಥೆರಪಿಸ್ಟ್ ಹೋಬಳಿ ಮಟ್ಟಕ್ಕೇ ಬರಬೇಕೆಂದು ಕೇಳುವ ಹಕ್ಕು ಈ ಜಿಲ್ಲೆಯ ಜನರಿಗಿದೆ.

ಅಲ್ಲಿಯವರೆಗೆ, ಡಿಸ್ಚಾರ್ಜ್ ಚೀಟಿ ಬರೆಸುವ ದಿನವೇ ಮುಂದಿನ ತಿಂಗಳ ಮತ್ತು ಮೂರನೆಯ ತಿಂಗಳ ಮರುಭೇಟಿಯನ್ನು ಬರೆಸಿಕೊಳ್ಳಿ. ನಡುವೆ ಬೆರಳು ಬಿಡಿಸಿ ಅಂಗೈ ತೊಳೆಯುವುದೇ ಕಷ್ಟವಾಯಿತೆಂದರೆ ಆ ತಾರೀಕಿಗೆ ಕಾಯದೆ ಹೊರಡಿ.